ಅಲಾಸ್ಕಾದಲ್ಲಿ ಯಾವ ಕರೆಂಟ್ ನಂಬಬಹುದು? ನೀರು, ಗ್ಯಾಸ್, ಡೀಸೆಲ್, ಗಾಳಿ, ಭೂಶಾಖ: ಒಂದು ಹೋಲಿಕೆ

ಕರೆಂಟ್ ಎಲ್ಲಿಂದ ತರಬೇಕು ಅನ್ನುವ ಮಾತು ಬಂದರೆ ನಾವು ಮೊದಲು ಕೇಳುವುದು ಯೂನಿಟ್‌ಗೆ ಎಷ್ಟು ಬೀಳುತ್ತದೆ ಅಂತ. ಅಲಾಸ್ಕಾದಲ್ಲಿ ಈ ಒಂದೇ ಲೆಕ್ಕ ಹಿಡಿದು ಹೊರಟರೆ ಮೋಸ ಹೋಗುತ್ತೇವೆ. ಅಲ್ಲಿ ಭೂಕಂಪ ಇದೆ, ಜ್ವಾಲಾಮುಖಿ ಇದೆ, ಹಿಮಕುಸಿತ ಇದೆ, ಕಾಳ್ಗಿಚ್ಚು ಇದೆ, ಕಡಲ ಬಿರುಗಾಳಿ ಇದೆ. ಕಾಲ ಕೆಳಗಿನ ಹೆಪ್ಪುಗಟ್ಟಿದ ನೆಲವೇ ಕರಗಿ ಕುಸಿಯುವ ಕಾಟವೂ ಇದೆ. ಇಷ್ಟರ ಮೇಲೆ ಚಳಿ. ಫೇರ್‌ಬ್ಯಾಂಕ್ಸ್ ಊರಲ್ಲಿ ಚಳಿಗಾಲದಲ್ಲಿ ಮೈನಸ್ 40 ಡಿಗ್ರಿ ಮುಟ್ಟಿದರೆ ಯಾರೂ ಬೆರಗಾಗುವುದಿಲ್ಲ.

ಅಂಥ ಕಡೆ ಮನೆ ಬಿಸಿ ಮಾಡುವ ಬಾಯ್ಲರ್ ಎಣ್ಣೆಯಲ್ಲೋ ಗ್ಯಾಸ್‌ನಲ್ಲೋ ಉರಿಯುತ್ತದೆ ನಿಜ. ಆದರೆ ಅದರ ಪಂಪು, ಫ್ಯಾನು, ಕಿಡಿ ಹೊತ್ತಿಸುವ ಭಾಗ ಎಲ್ಲಕ್ಕೂ ಕರೆಂಟ್ ಬೇಕು. ಕರೆಂಟ್ ಹೋಗಿ ಕೆಲವು ಗಂಟೆ ಕಳೆದರೆ ಮನೆ ತಣ್ಣಗಾಗುತ್ತದೆ, ಪೈಪಿನೊಳಗೆ ನೀರು ಹೆಪ್ಪುಗಟ್ಟುತ್ತದೆ, ಪೈಪು ಒಡೆಯುತ್ತದೆ. ನಮ್ಮಲ್ಲಿ ಕರೆಂಟ್ ಹೋದರೆ ಸೆಕೆ, ಕತ್ತಲೆ, ಸೊಳ್ಳೆ. ಅಲ್ಲಿ ಜೀವಕ್ಕೇ ಅಪಾಯ.

ಇನ್ನೊಂದು ವ್ಯತ್ಯಾಸ ಮರೆಯಬಾರದು. ರಾಯಚೂರಿನಲ್ಲಿ ಒಂದು ಘಟಕ ನಿಂತರೆ ಬೇರೆ ರಾಜ್ಯದಿಂದ ಕರೆಂಟ್ ಹರಿದು ಬರುತ್ತದೆ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ಉಳಿದ ಭಾರತದ ಗ್ರಿಡ್ ಜೊತೆ ಸೇರಿದ ಮೇಲೆ ದೇಶವೆಲ್ಲ ಒಂದೇ ಜಾಲ. ಅಲಾಸ್ಕಾಗೆ ಆ ಭಾಗ್ಯವಿಲ್ಲ. ಹೋಮರ್‌ನಿಂದ ಆಂಕರೇಜ್ ದಾಟಿ ಫೇರ್‌ಬ್ಯಾಂಕ್ಸ್‌ವರೆಗಿನ 'ರೈಲ್‌ಬೆಲ್ಟ್' ಒಂದು ಗ್ರಿಡ್. ರಾಜ್ಯದ ಹೆಚ್ಚಿನ ಜನ ಇರುವುದು ಅದರ ಉದ್ದಕ್ಕೇ. ಆದರೂ ಅದು ಕೆನಡಾಗಾಗಲಿ ಅಮೆರಿಕದ ಉಳಿದ ಭಾಗಕ್ಕಾಗಲಿ ಸೇರಿಲ್ಲ. ಜೂನೋ, ಕೋಡಿಯಾಕ್, ನೋಮ್ ಇವು ತಮ್ಮಷ್ಟಕ್ಕೆ ತಾವೇ. ಇವಲ್ಲದೆ ಇನ್ನೂರರ ಹತ್ತಿರ ಹಳ್ಳಿಗಳು ತಮ್ಮದೇ ಪುಟ್ಟ ಜಾಲ ಇಟ್ಟುಕೊಂಡಿವೆ. ಕೈಕೊಟ್ಟರೆ ಸಾಲ ಕೊಡುವ ನೆರೆಯವರಿಲ್ಲ.

ಹಾಗಾಗಿ ಒಂದೊಂದು ಮೂಲವನ್ನೂ ಮೂರು ಪ್ರಶ್ನೆ ಹಾಕಿ ನೋಡಬೇಕು. ಅದನ್ನು ಕೆಡಿಸುವ ಅಪಾಯ ಯಾವುದು? ಕೆಟ್ಟರೆ ಸರಿ ಮಾಡಲು ಎಷ್ಟು ದಿನ ಬೇಕು? ಆ ದಿನಗಳಲ್ಲಿ ಊರನ್ನು ಬೆಚ್ಚಗಿಡುವುದು ಯಾವುದು? ಎರಡನೇ ಪ್ರಶ್ನೆಗೆ ನಾನು ಕೊಡುವ ತೂಕ ಜಾಸ್ತಿ. ಅಲಾಸ್ಕಾದಲ್ಲಿ ಯಾವುದೂ ಕೆಡದೆ ಉಳಿಯುವುದಿಲ್ಲ. ಒಂದು ದಿನದಲ್ಲಿ ಎದ್ದು ನಿಲ್ಲುವುದು, ಆರು ವಾರ ಮಲಗುವುದು ಎರಡೂ ಒಂದೇ ಅಲ್ಲ.

ಜಲವಿದ್ಯುತ್: ಅಗ್ಗ, ಗಟ್ಟಿ, ಆದರೆ ತಂತಿ ಉದ್ದ

ಜೂನೋ ಅಲಾಸ್ಕಾದ ರಾಜಧಾನಿ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗಿನಲ್ಲಿ ಬರಬೇಕು, ಇಲ್ಲವೇ ವಿಮಾನದಲ್ಲಿ. ಊರಿನ ಕರೆಂಟ್‌ನ ದೊಡ್ಡ ಪಾಲು ಬರುವುದು ಆಗ್ನೇಯಕ್ಕಿರುವ ಸ್ನೆಟಿಶಾಮ್ ಜಲವಿದ್ಯುತ್ ಕೇಂದ್ರದಿಂದ. ಇದರ ಕಟ್ಟೋಣ ಚೆನ್ನಾಗಿದೆ. ಬೆಟ್ಟದ ಮೇಲಿನ ಕೆರೆಗಳ ತಳಕ್ಕೆ ಬಂಡೆಯೊಳಗಿಂದ ಸುರಂಗ ಕೊರೆದು ನೀರು ಇಳಿಸಿದ್ದಾರೆ. ಭೂಕಂಪಕ್ಕೆ ಬಿರುಕು ಬಿಡುವಂಥ ಭಾರೀ ಅಣೆಕಟ್ಟನ್ನು ನೆಚ್ಚಿಕೊಂಡಿಲ್ಲ. ಭೂಕಂಪದ ನಾಡಿಗೆ ಇದಕ್ಕಿಂತ ಒಳ್ಳೆಯ ಜಲವಿದ್ಯುತ್ ಸಿಗುವುದು ಕಷ್ಟ.

ಆದರೆ ಕೇಂದ್ರದಿಂದ ಊರಿಗೆ ಸುಮಾರು 70 ಕಿಲೋಮೀಟರ್ ಲೈನ್. ಅದು ಹಾದುಬರುವುದು ಕಡಿದಾದ ಹಿಮದ ಇಳಿಜಾರುಗಳ ಬುಡದಲ್ಲಿ. 2008ರ ಏಪ್ರಿಲ್ 16ರಂದು ಹಿಮ ಕುಸಿದು ಸುಮಾರು ಎರಡೂವರೆ ಕಿಲೋಮೀಟರ್ ಉದ್ದಕ್ಕೆ ಟವರ್, ತಂತಿಗಳನ್ನು ನೆಲಕ್ಕೆ ಕೆಡವಿತು. ಟರ್ಬೈನ್‌ಗೆ ಏನೂ ಆಗಲಿಲ್ಲ. ಕೆರೆಯಲ್ಲಿ ನೀರಿತ್ತು. ಕರೆಂಟ್ ಮಾತ್ರ ಊರಿಗೆ ಬರುವ ಹಾಗಿರಲಿಲ್ಲ.

ಕತ್ತಲೆ ಕವಿಯಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ. ಊರಲ್ಲೇ ಡೀಸೆಲ್ ಜನರೇಟರ್‌ಗಳು ಸಿದ್ಧವಿದ್ದವು. ಅವು ಇಡೀ ಊರಿನ ಹೊರೆ ಹೊತ್ತವು. ಆದರೆ ಬಿಲ್? ಯೂನಿಟ್‌ಗೆ ಸುಮಾರು 11 ಸೆಂಟ್ ಇದ್ದ ದರ 50 ಸೆಂಟ್ ದಾಟಿತು. ಐದು ಪಟ್ಟು ಅಂದುಕೊಳ್ಳಿ. ಆಮೇಲೆ ನಡೆದದ್ದನ್ನು ಇಂಧನದ ಬಗ್ಗೆ ಯೋಚಿಸುವ ಎಲ್ಲರೂ ತಿಳಿಯಬೇಕು. ಜನ ಬಟ್ಟೆ ಒಣಗಿಸುವ ಯಂತ್ರ ಬಿಟ್ಟು ಹಗ್ಗ ಕಟ್ಟಿದರು. ಅಂಗಡಿಗಳಲ್ಲಿ ಸಿಎಫ್ಎಲ್ ಬಲ್ಬುಗಳು ಖಾಲಿಯಾದವು. ಕಚೇರಿಗಳಲ್ಲಿ ಅರ್ಧ ದೀಪ ಆರಿದವು. ಕೆಲವೇ ವಾರಗಳಲ್ಲಿ ಊರಿನ ಬಳಕೆ ಶೇಕಡ 30ರಷ್ಟು ಇಳಿಯಿತು. ಯಾವ ಕಾನೂನೂ ಹೇರಲಿಲ್ಲ, ಲೋಡ್ ಶೆಡ್ಡಿಂಗ್ ಕೂಡ ಆಗಲಿಲ್ಲ. ಜೂನ್ ಆರಂಭದ ಹೊತ್ತಿಗೆ ಲೈನ್ ಮತ್ತೆ ಎದ್ದು ನಿಂತಿತು. ಮುಂದಿನ ಜನವರಿಯಲ್ಲೇ ಇನ್ನೊಂದು ಹಿಮಕುಸಿತ ಅದೇ ಲೈನಿಗೆ ಬಡಿಯಿತು. ಟವರ್‌ಗಳ ಮೇಲ್ಗಡೆ ಹಿಮದ ಹರಿವನ್ನು ಸೀಳಿ ಪಕ್ಕಕ್ಕೆ ಸರಿಸುವ ಗಟ್ಟಿ ರಚನೆಗಳನ್ನು ಆಮೇಲೆ ಕಟ್ಟಿದರು.

ಜೂನೋದ ಲೆಕ್ಕ ಹೀಗಿದೆ: ಕೆಟ್ಟದ್ದು ಆರು ವಾರ, ಕತ್ತಲೆ ಬಹಳ ಕಡಿಮೆ, ಬಿಲ್ ವಿಪರೀತ. ನನ್ನ ಪ್ರಕಾರ ಇದು ಸೋಲಲ್ಲ. ಮೂರನೇ ಪ್ರಶ್ನೆಗೆ ಊರು ಮೊದಲೇ ಉತ್ತರ ಇಟ್ಟುಕೊಂಡಿತ್ತು. ಹತ್ತಾರು ವರ್ಷ ಸುಮ್ನೆ ನಿಂತಿದ್ದ ಡೀಸೆಲ್ ಯಂತ್ರಗಳ ಖರ್ಚು ಆ ಆರು ವಾರದಲ್ಲಿ ವಸೂಲಾಯಿತು.

ಭೂಕಂಪ ಜಲವಿದ್ಯುತ್ತನ್ನು ಏನು ಮಾಡುತ್ತದೆ ಅನ್ನುವುದಕ್ಕೆ ಆಂಕರೇಜ್ ಹತ್ತಿರದ ಎಕ್ಲುಟ್ನಾ ನೋಡಬೇಕು. 1964ರ ಮಾರ್ಚ್ 27ರಂದು ಅಲ್ಲಿ 9.2 ತೀವ್ರತೆಯ ಭೂಕಂಪವಾಯಿತು. ಉತ್ತರ ಅಮೆರಿಕದಲ್ಲಿ ಅಳೆದ ಭೂಕಂಪಗಳಲ್ಲಿ ಅದೇ ದೊಡ್ಡದು. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ನೆಲ ಅದುರಿತು. ಕೆರೆಯ ತಳದ ಮಣ್ಣು ಕುಸಿದು ನೀರು ಎಳೆದುಕೊಳ್ಳುವ ಬಾಯಿ ಕೆಟ್ಟಿತು. ಸುರಂಗಕ್ಕೆ ಮರಳು, ಕಲ್ಲು ನುಗ್ಗಿತು. ಅಣೆಕಟ್ಟಿಗೂ ಪೆಟ್ಟಾಗಿ ಮರುವರ್ಷ ಹೊಸದನ್ನೇ ಕಟ್ಟಬೇಕಾಯಿತು. ಹಾಗಿದ್ದೂ ಆ ಕೇಂದ್ರ ಇಂದಿಗೂ ಕರೆಂಟ್ ಕೊಡುತ್ತಿದೆ. ಜಲವಿದ್ಯುತ್ ಕೇಂದ್ರಕ್ಕೆ ಆಯಸ್ಸು ಗಟ್ಟಿ.

ರೈಲ್‌ಬೆಲ್ಟ್‌ನ ದೊಡ್ಡ ಜಲವಿದ್ಯುತ್ ಕೇಂದ್ರ ಹೋಮರ್ ಬಳಿಯ ಬ್ರಾಡ್ಲಿ ಲೇಕ್. 120 ಮೆಗಾವಾಟ್, 1991ರಿಂದ ನಡೆಯುತ್ತಿದೆ, ಆ ಗ್ರಿಡ್‌ನಲ್ಲಿ ಇದಕ್ಕಿಂತ ಅಗ್ಗದ ಕರೆಂಟ್ ಸಿಗುವುದಿಲ್ಲ. ಆದರೆ ಅದು ಆಂಕರೇಜ್ ತಲುಪಲು ಕೀನೈ ಪರ್ಯಾಯ ದ್ವೀಪದ ಕಾಡು ದಾಟುವ ಒಂದೇ ಲೈನು. 2019ರ ಜೂನ್‌ನಲ್ಲಿ ಸಿಡಿಲು ಬಡಿದು ಸ್ವಾನ್ ಲೇಕ್ ಕಾಳ್ಗಿಚ್ಚು ಹೊತ್ತಿತು. ಬೇಸಿಗೆಯ ಕೊನೆಗೆ ಲೈನಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಕೀನೈ ಕಡೆ ನೀರಿನ ಕರೆಂಟ್ ಇದ್ದರೂ ಉತ್ತರದ ಊರುಗಳು ಅದನ್ನು ಬಿಟ್ಟು ದುಬಾರಿ ಕರೆಂಟ್ ಕೊಂಡವು. ಹಿಮದ ನಾಡಿನಲ್ಲಿ ಬೆಂಕಿ ಕರೆಂಟ್ ಕಿತ್ತುಕೊಂಡಿತು ಅಂದರೆ ನಂಬುವುದು ಕಷ್ಟ, ಅಲ್ವಾ? ಅಲಾಸ್ಕಾದ ಬೇಸಿಗೆಯಲ್ಲಿ ಕಾಳ್ಗಿಚ್ಚು ಮಾಮೂಲಿ.

ಸುಸಿಟ್ನಾ ನದಿಗೆ ಸುಮಾರು 600 ಮೆಗಾವಾಟ್‌ನ ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆ 1980ರ ದಶಕದಲ್ಲಿ ಬಂದು ನಿಂತಿತ್ತು. 2011ರ ನಂತರ ಮತ್ತೆ ಎದ್ದಿತು. ತೈಲದ ವರಮಾನ ಕುಸಿದಾಗ ಗವರ್ನರ್ ಬಿಲ್ ವಾಕರ್ ಅದನ್ನು ನಿಲ್ಲಿಸಿದರು. ಅಪಾಯದ ಕಣ್ಣಿನಿಂದ ನೋಡಿದರೆ ಅಷ್ಟು ಕರೆಂಟನ್ನು ಒಂದೇ ಕಣಿವೆಯಲ್ಲಿ, ಡೆನಾಲಿ ಸ್ತರಭಂಗ (ಭೂಕಂಪ ಹುಟ್ಟಿಸುವ ನೆಲದ ಬಿರುಕು) ಹಾದುಹೋಗುವ ಸೀಮೆಯಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಸಿಕ್ಕಿಂನಲ್ಲಿ 2023ರ ಅಕ್ಟೋಬರ್ 4ರಂದು ದಕ್ಷಿಣ ಲೋನಾಕ್ ಹಿಮಸರೋವರ ಒಡೆದು ಚುಂಗ್‌ಥಾಂಗ್‌ನ 1200 ಮೆಗಾವಾಟ್ ತೀಸ್ತಾ ಯೋಜನೆಯ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ದೊಡ್ಡದು ಕೆಟ್ಟರೆ ಕೇಡೂ ದೊಡ್ಡದೇ.

ಗ್ಯಾಸ್: ಭೂಕಂಪಕ್ಕೆ ಬಗ್ಗದು, ಬೂದಿಗೆ ಹೆದರಬೇಕು

ಆಂಕರೇಜ್ ಸುತ್ತಲಿನ ಕರೆಂಟ್ ಮುಕ್ಕಾಲು ಪಾಲು ಕುಕ್ ಇನ್ಲೆಟ್ ಎಂಬ ಕಡಲ ಚಾಚಿನಲ್ಲಿ ಸಿಗುವ ನೈಸರ್ಗಿಕ ಅನಿಲದಿಂದ ಬರುತ್ತದೆ. ಮನೆ ಬಿಸಿಯಾಗುವುದೂ ಅದರಿಂದಲೇ.

2018ರ ನವೆಂಬರ್ 30ರ ಬೆಳಗ್ಗೆ ಎಂಟೂವರೆ ಹೊತ್ತಿಗೆ ಆಂಕರೇಜ್ ಪಕ್ಕದಲ್ಲೇ 7.1ರ ಭೂಕಂಪವಾಯಿತು. ರಸ್ತೆಗಳು ಸೀಳಿದವು. ಸಾವಿರಾರು ಮನೆಗಳ ಕರೆಂಟ್ ಹೋಯಿತು. ಹೆಚ್ಚಿನವರಿಗೆ ಅದೇ ದಿನ ವಾಪಸ್ ಬಂತು. ಒಬ್ಬರೂ ಸಾಯಲಿಲ್ಲ. ವಿದ್ಯುತ್ ಕೇಂದ್ರಗಳು ಊರಿನ ಹತ್ತಿರವೇ ಇದ್ದವು, ಕಟ್ಟಡಗಳು 1964ರ ಪಾಠ ಕಲಿತು ಕಟ್ಟಿದವು. ಸರಿಪಡಿಸುವ ಲೆಕ್ಕದಲ್ಲಿ ಗ್ಯಾಸ್‌ಗೆ ಪೂರ್ತಿ ಅಂಕ.

ಗ್ಯಾಸ್ ಟರ್ಬೈನ್‌ನ ಶತ್ರು ಬೇರೆ. ಕುಕ್ ಇನ್ಲೆಟ್‌ನ ಪಶ್ಚಿಮ ದಡದ ಉದ್ದಕ್ಕೂ ಜ್ವಾಲಾಮುಖಿಗಳ ಸಾಲು ಇದೆ: ಸ್ಪರ್, ರಿಡೌಟ್, ಇಲಿಯಾಮ್ನಾ, ಅಗಸ್ಟಿನ್. ಗ್ಯಾಸ್ ಟರ್ಬೈನ್ ಅಂದರೆ ನೆಲದ ಮೇಲೆ ಕೂತ ಜೆಟ್ ಎಂಜಿನ್. 1989ರ ಡಿಸೆಂಬರ್ 15ರಂದು ರಿಡೌಟ್‌ನ ಬೂದಿಮೋಡಕ್ಕೆ ನುಗ್ಗಿದ ಕೆಎಲ್ಎಂ ವಿಮಾನದ ನಾಲ್ಕೂ ಎಂಜಿನ್ ನಿಂತುಹೋದವು. ಬೂದಿ ಎಂಜಿನ್ನಿನ ಕಾವಿಗೆ ಕರಗಿ ಗಾಜಿನಂತೆ ಒಳಗೆ ಅಂಟಿಕೊಂಡಿತ್ತು. ಪೈಲಟ್‌ಗಳು ಕೊನೆಗೂ ಎಂಜಿನ್ ಚಾಲೂ ಮಾಡಿ ಆಂಕರೇಜ್‌ನಲ್ಲಿ ಇಳಿಸಿದರು. ನೆಲದ ಮೇಲಿನ ಕೇಂದ್ರಕ್ಕೆ ಗಾಳಿಯ ಫಿಲ್ಟರ್ ಇರುತ್ತದೆ. ಆದರೂ ಬೂದಿ ಸುರಿದಾಗ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಆ ಬೂದಿ ಒದ್ದೆಯಾಗಿ ಇನ್ಸುಲೇಟರ್ ಮೇಲೆ ಕೂತರೆ ಕರೆಂಟ್ ಅಡ್ಡದಾರಿ ಹಿಡಿದು ಲೈನ್ ಟ್ರಿಪ್ ಆಗುತ್ತದೆ. 1992ರ ಆಗಸ್ಟ್‌ನಲ್ಲಿ ಸ್ಪರ್ ಉಗುಳಿದ ಬೂದಿ ಆಂಕರೇಜ್ ಮೇಲೆ ಮೂರು ಮಿಲಿಮೀಟರ್‌ನಷ್ಟು ಬಿದ್ದು ವಿಮಾನ ನಿಲ್ದಾಣ ಮುಚ್ಚಿತ್ತು. ಅದೇ ಸ್ಪರ್ 2024ರಿಂದ ಮತ್ತೆ ಗುಡುಗುಟ್ಟಿತು. 2025ರ ಆರಂಭದಲ್ಲಿ ಅಲಾಸ್ಕಾ ಜ್ವಾಲಾಮುಖಿ ವೀಕ್ಷಣಾಲಯ ಸ್ಫೋಟದ ಸಾಧ್ಯತೆ ಹೆಚ್ಚಿದೆ ಅಂತ ಎಚ್ಚರಿಸಿತ್ತು. ಆಮೇಲೆ ಕಳವಳ ಇಳಿಯಿತು.

ಇಂಧನ ಕೂಡಿಡುವ ಜಾಗವೂ ಮುಖ್ಯ. ರಿಡೌಟ್ ಬುಡದ ಡ್ರಿಫ್ಟ್ ನದಿಯ ಬಾಯಲ್ಲಿ ಕಚ್ಚಾ ತೈಲದ ಟ್ಯಾಂಕ್‌ಗಳಿದ್ದವು. 2009ರ ಮಾರ್ಚ್‌ನಲ್ಲಿ ಪರ್ವತ ಸಿಡಿದಾಗ ಹಿಮ ಕರಗಿ ಕೆಸರಿನ ಪ್ರವಾಹ ಅಲ್ಲಿಗೇ ಬಂತು. ಟ್ಯಾಂಕ್‌ಗಳು ಉಳಿದದ್ದು ಸುತ್ತ ಕಟ್ಟಿದ್ದ ಒಡ್ಡಿನಿಂದ. ಈಗ ಆ ಟರ್ಮಿನಲ್ ಬಿಟ್ಟು ಕಡಲಡಿಯ ಪೈಪಿನಲ್ಲಿ ತೈಲ ಸಾಗಿಸುತ್ತಾರೆ. ಜ್ವಾಲಾಮುಖಿಯ ಬುಡದಲ್ಲಿ ಟ್ಯಾಂಕ್ ಇಟ್ಟ ಆ ಹಳೆಯ ತೀರ್ಮಾನ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗ್ಯಾಸ್‌ಗೆ ಇನ್ನೊಂದು ಕುತ್ತು ಇದೆ. ಬಾವಿಗಳು ಹಳೆಯವಾಗಿವೆ. 2022ರಲ್ಲಿ ಅಲ್ಲಿನ ದೊಡ್ಡ ಉತ್ಪಾದಕ ಹಿಲ್‌ಕಾರ್ಪ್ ಈಗಿನ ಒಪ್ಪಂದಗಳು ಮುಗಿದ ಮೇಲೆ ಹೊಸದಕ್ಕೆ ಭರವಸೆ ಇಲ್ಲ ಎಂದು ವಿದ್ಯುತ್ ಸಂಸ್ಥೆಗಳಿಗೆ ಹೇಳಿತು. ಆಗಿನಿಂದ ಹಡಗಿನಲ್ಲಿ ದ್ರವ ಅನಿಲ ತರಿಸುವ ಮಾತು ನಡೆದಿದೆ. ಹಾಗೆ ಮಾಡಿದರೆ ಅಪಾಯದ ಪಟ್ಟಿಯೇ ಬದಲಾಗುತ್ತದೆ. ಊರ ಪಕ್ಕದ ಬಾವಿಯ ಬದಲು ಚಳಿಗಾಲದ ಕಡಲು, ತೇಲುವ ಮಂಜುಗಡ್ಡೆ, ಒಂದು ಬಂದರು. ಇದನ್ನು ದರದ ಪಟ್ಟಿಯಲ್ಲಿ ಯಾರೂ ತೋರಿಸುವುದಿಲ್ಲ.

ಕಲ್ಲಿದ್ದಲು

ಹೀಲಿ ಎಂಬಲ್ಲಿ ಗಣಿಯ ಪಕ್ಕವೇ ಕಲ್ಲಿದ್ದಲು ಕೇಂದ್ರ ಇದೆ. ಅಪಾಯದ ದೃಷ್ಟಿಯಿಂದ ಕಲ್ಲಿದ್ದಲಿನ ಗುಣ ಒಂದೇ: ಅಂಗಳದಲ್ಲಿ ರಾಶಿ ಹಾಕಿಡಬಹುದು. ಪೈಪ್ ಒಡೆದರೂ ಹಡಗು ಬಾರದಿದ್ದರೂ ವಾರಗಟ್ಟಲೆ ಉರಿಸಬಹುದು. ಆದರೆ ಆರ್ಕ್ಟಿಕ್ ಜಗತ್ತಿನ ಬೇರೆ ಕಡೆಗಿಂತ ಎರಡು-ಮೂರು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. ಕಾಲ ಕೆಳಗಿನ ನೆಲ ಕರಗಿಸುವ ಹೊಗೆಯನ್ನೇ ನೆಚ್ಚಿಕೊಂಡು ಹೊಸ ಕೇಂದ್ರ ಕಟ್ಟಿ ಎಂದು ನಾನು ಹೇಳಲಾರೆ.

ಡೀಸೆಲ್: ಹಳ್ಳಿಯ ಆಪ್ತ, ಹಡಗಿನ ಹಂಗು

ಬೇರಿಂಗ್ ಸಮುದ್ರದ ದಡದ ಹಳ್ಳಿಗಳಲ್ಲಿ ಕರೆಂಟ್ ಅಂದರೆ ಡೀಸೆಲ್. ಬೇಸಿಗೆಯಲ್ಲಿ ಬಾರ್ಜ್ ಎಂಬ ಚಪ್ಪಟೆ ತಳದ ಸರಕು ದೋಣಿ ಒಂದೆರಡು ಸಲ ಬಂದು ವರ್ಷದ ಎಣ್ಣೆ ತುಂಬಿ ಹೋಗುತ್ತದೆ. ನೀರು ಹೆಪ್ಪುಗಟ್ಟಿದ ಮೇಲೆ ಮುಗಿಯಿತು. ಉಳಿದದ್ದು ವಿಮಾನ ಮಾತ್ರ, ಅದು ಬಹಳ ದುಬಾರಿ. ಹಳ್ಳಿಗರ ಬಿಲ್ ಇಳಿಸಲು ರಾಜ್ಯ ಸರ್ಕಾರ 1985ರಿಂದ ಸಹಾಯಧನ ಕೊಡುತ್ತಿದೆ.

ನೋಮ್ ಊರಿನ ಕಥೆ ಕೇಳಿ. ಅಲ್ಲಿ ಮೂರೂವರೆ ಸಾವಿರ ಜನ. 2011ರ ನವೆಂಬರ್‌ನಲ್ಲಿ ದೊಡ್ಡ ಬಿರುಗಾಳಿ ಬಂದು ಆ ವರ್ಷದ ಕೊನೆಯ ಎಣ್ಣೆ ಬಾರ್ಜ್ ಬರಲೇ ಇಲ್ಲ. ಕಡಲು ಹೆಪ್ಪುಗಟ್ಟಿತು. ಕೊನೆಗೆ ರಷ್ಯಾದ 'ರೆಂಡಾ' ಎಂಬ ಟ್ಯಾಂಕರ್ ಹೊರಟಿತು. ಅದರ ಮುಂದೆ ಅಮೆರಿಕದ ಕೋಸ್ಟ್ ಗಾರ್ಡ್‌ನ ಐಸ್‌ಬ್ರೇಕರ್ ಹಡಗು 'ಹೀಲಿ' ನೂರಾರು ಕಿಲೋಮೀಟರ್ ಮಂಜುಗಡ್ಡೆ ಸೀಳುತ್ತ ದಾರಿ ಮಾಡಿತು. 2012ರ ಜನವರಿ ಮಧ್ಯಕ್ಕೆ ಎರಡೂ ನೋಮ್ ಮುಂದೆ ನಿಂತವು. ದಡಕ್ಕೆ ಹತ್ತಿರ ಬರಲಾಗಲಿಲ್ಲ. ಮಂಜುಗಡ್ಡೆಯ ಮೇಲೆ ಉದ್ದಕ್ಕೂ ಕೊಳವೆ ಹಾಸಿ ಸುಮಾರು 49 ಲಕ್ಷ ಲೀಟರ್ ಇಂಧನ ಇಳಿಸಿದರು. ಒಂದು ಬಾರ್ಜ್ ತಪ್ಪಿದ್ದಕ್ಕೆ ಇಷ್ಟೆಲ್ಲ ಮಾಡಬೇಕಾಯಿತು.

ಡೀಸೆಲ್‌ನ ದೌರ್ಬಲ್ಯ ಇಲ್ಲಿಯೇ ಇರುವುದು. ಯಂತ್ರ ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸುತ್ತಾನೆ. ಎಷ್ಟೇ ಚಳಿ ಇರಲಿ ಶೆಡ್ಡಿನೊಳಗೆ ಓಡುತ್ತದೆ. ಅದರ ಎಂಜಿನ್ ಬಿಸಿಯಿಂದ ಪಕ್ಕದ ಶಾಲೆ, ನೀರಿನ ಟ್ಯಾಂಕನ್ನು ಬೆಚ್ಚಗಿಡುವ ಹಳ್ಳಿಗಳೂ ಇವೆ. ಆದರೆ ಎಣ್ಣೆ ಟ್ಯಾಂಕ್‌ಗಳು ನಿಂತಿರುವುದು ಕಡಲ ದಡದಲ್ಲಿ, ಸದಾ ಹೆಪ್ಪುಗಟ್ಟಿದ ನೆಲದ ಮೇಲೆ. ಆ ನೆಲ ಈಗ ಕರಗುತ್ತಿದೆ. ಟ್ಯಾಂಕ್ ವಾಲುತ್ತದೆ, ಪೈಪಿನ ಜೋಡಣೆ ಬಿಡುತ್ತದೆ. ನ್ಯೂಟಾಕ್ ಹಳ್ಳಿಯ ದಡ ಸವೆದು ಸವೆದು ಊರಿಗೆ ಊರೇ ಮೆರ್ಟಾರ್ವಿಕ್ ಎಂಬ ಹೊಸ ಜಾಗಕ್ಕೆ ಹೋಗಬೇಕಾಯಿತು.

ಗಾಳಿ: ಚಳಿ ಅದರ ಗೆಳೆಯ, ಮಂಜು ಅದರ ವೈರಿ

ಗಾಳಿ ವಿದ್ಯುತ್ತಿಗೆ ಚಳಿ ಒಳ್ಳೆಯದು. ಮೈನಸ್ 40ರಲ್ಲಿ ಗಾಳಿ ನಮ್ಮ ಹಿತವಾದ ದಿನದ ಗಾಳಿಗಿಂತ ಕಾಲು ಪಾಲಿನಷ್ಟು ಹೆಚ್ಚು ದಟ್ಟ. ಅದೇ ವೇಗಕ್ಕೆ ಜಾಸ್ತಿ ಶಕ್ತಿ. ಕರಾವಳಿಯಲ್ಲಿ ಚಳಿಗಾಲದಲ್ಲೇ ಗಾಳಿ ಜೋರು, ಕರೆಂಟ್ ಬೇಕಾಗುವುದೂ ಆಗಲೇ. ರೆಕ್ಕೆಗಳ ಮೇಲೆ ಮಂಜು ಕಟ್ಟುವುದು ತಲೆನೋವು. ಮಂಜು ಕಟ್ಟಿದ ರೆಕ್ಕೆ ಓಲಾಡುತ್ತದೆ, ನಿಲ್ಲಿಸಲೇಬೇಕು. ಮೈನಸ್ 40ಕ್ಕಿಂತ ಕೆಳಗೆ ಉಕ್ಕು, ಗ್ರೀಸ್ ಕೈಕೊಡುತ್ತವೆ ಅಂತ ಹೆಚ್ಚಿನ ಟರ್ಬೈನ್‌ಗಳು ತಾವಾಗಿಯೇ ನಿಲ್ಲುತ್ತವೆ. ಫೇರ್‌ಬ್ಯಾಂಕ್ಸ್‌ನಂಥ ಒಳನಾಡಿನಲ್ಲಿ ಕಡು ಚಳಿಯ ದಿನ ಗಾಳಿಯೇ ಬೀಸುವುದಿಲ್ಲ.

ಕರಗುವ ನೆಲಕ್ಕೆ ಒಂದು ಜಾಣ ಉಪಾಯ ಇದೆ. ಕಂಬದ ಬುಡಕ್ಕೆ ಬೇಗ ಆವಿಯಾಗುವ ದ್ರವ ತುಂಬಿ ಮುಚ್ಚಿದ ಕೊಳವೆ ಇಳಿಸುತ್ತಾರೆ. ಚಳಿಗಾಲದಲ್ಲಿ ನೆಲದ ಬಿಸಿಗೆ ಕೆಳಗಿನ ದ್ರವ ಆವಿಯಾಗಿ ಮೇಲೇರುತ್ತದೆ, ಮೇಲಿನ ತಣ್ಣನೆ ಗಾಳಿಗೆ ಮತ್ತೆ ದ್ರವವಾಗಿ ಇಳಿಯುತ್ತದೆ. ಹೀಗೆ ಪಂಪಿಲ್ಲದೆ, ಕರೆಂಟಿಲ್ಲದೆ ನೆಲದ ಬಿಸಿ ಹೊರಗೆ ಹೋಗುತ್ತದೆ, ನೆಲ ಹೆಪ್ಪುಗಟ್ಟಿಯೇ ಉಳಿಯುತ್ತದೆ. ಅಲಾಸ್ಕಾದ ದೊಡ್ಡ ತೈಲ ಪೈಪ್‌ಲೈನ್‌ನ ಆಧಾರ ಕಂಬಗಳಲ್ಲಿ ಇಂಥವು ಲಕ್ಷಕ್ಕೂ ಮಿಕ್ಕಿ ಇವೆ.

ಗಾಳಿಯನ್ನು ಒಂಟಿಯಾಗಿ ಬಿಟ್ಟರೆ ಪ್ರಯೋಜನ ಇಲ್ಲ. ಜೋಡಿ ಬೇಕು. ಈ ವಿಷಯದಲ್ಲಿ ಕೋಡಿಯಾಕ್ ದ್ವೀಪವೇ ಗುರು. ಅಲ್ಲಿ ಟೆರರ್ ಲೇಕ್ ಜಲವಿದ್ಯುತ್ 1980ರ ದಶಕದಿಂದ ಇತ್ತು. 2009ರಲ್ಲಿ ಪಿಲ್ಲರ್ ಪರ್ವತದ ಮೇಲೆ ಮೂರು ಗಾಳಿ ಟರ್ಬೈನ್, 2012ರಲ್ಲಿ ಇನ್ನೂ ಮೂರು ಬಂದವು. ಒಟ್ಟು 9 ಮೆಗಾವಾಟ್. ಗಾಳಿ ಬೀಸಿದಾಗ ಕೆರೆಯ ನೀರು ಉಳಿಯುತ್ತದೆ, ನಿಂತಾಗ ನೀರು ಇಳಿಯುತ್ತದೆ. ನಡುವಿನ ಏರುಪೇರಿಗೆ ಬ್ಯಾಟರಿ. ಬಂದರಿನಲ್ಲಿ ಹಡಗಿನ ಕಂಟೇನರ್ ಎತ್ತುವ ವಿದ್ಯುತ್ ಕ್ರೇನ್ ಬಂದಾಗ ಹೊಸ ತೊಡಕು ಎದುರಾಯಿತು. ಕ್ರೇನ್ ಪೆಟ್ಟಿಗೆ ಎತ್ತಿದಾಗ ಇಡೀ ದ್ವೀಪದ ಗ್ರಿಡ್‌ಗೆ ಜಗ್ಗಿದ ಹಾಗಾಗುತ್ತದೆ, ಇಳಿಸುವಾಗ ತಿರುಗಿ ಕರೆಂಟ್ ಬರುತ್ತದೆ. ಅದಕ್ಕೆ 2015ರಲ್ಲಿ ಎರಡು ಭಾರೀ ಫ್ಲೈವೀಲ್ ಹಾಕಿದರು. ವೇಗವಾಗಿ ತಿರುಗುತ್ತಲೇ ಇರುವ ಆ ಚಕ್ರಗಳು ಜಗ್ಗಾಟವನ್ನೆಲ್ಲ ನುಂಗಿಕೊಳ್ಳುತ್ತವೆ. ಈಗ ದ್ವೀಪದ ಕರೆಂಟ್ ಶೇಕಡ 99ಕ್ಕೂ ಹೆಚ್ಚು ನೀರು, ಗಾಳಿಯದು. ಡೀಸೆಲ್ ಯಂತ್ರಗಳನ್ನು ಮಾರಿಲ್ಲ, ಆಪತ್ತಿಗೆ ಇಟ್ಟುಕೊಂಡಿದ್ದಾರೆ. ನನಗೆ ಕೋಡಿಯಾಕ್ ಮೆಚ್ಚುಗೆಯಾಗುವುದು ಈ ಕೊನೆಯ ಮಾತಿಗೆ.

ಕುಸ್ಕೊಕ್ವಿಮ್ ನದಿಯ ಬಾಯಿಯ ಹತ್ತಿರದ ಕಾಂಗಿಗನಾಕ್, ಕ್ವಿಗಿಲಿಂಗಾಕ್‌ನಂಥ ಯೂಪಿಕ್ ಜನರ ಹಳ್ಳಿಗಳು ಇನ್ನೊಂದು ದಾರಿ ಹಿಡಿದವು. ಗಾಳಿ ಜೋರಾಗಿ ಹೆಚ್ಚುವರಿ ಕರೆಂಟ್ ಬಂದಾಗ ಅದು ಮನೆಮನೆಯ ವಿಶೇಷ ಸ್ಟೌವ್‌ಗೆ ಹೋಗುತ್ತದೆ. ಅದರೊಳಗಿನ ಇಟ್ಟಿಗೆಗಳು ಕಾದು, ಗಾಳಿ ನಿಂತ ಮೇಲೂ ಮನೆ ಬೆಚ್ಚಗಿರುತ್ತದೆ. ಗಾಳಿ ಬಂದಾಗ ತೂರಿಕೋ ಅನ್ನುವುದನ್ನು ಇವರಷ್ಟು ಚೆನ್ನಾಗಿ ಮಾಡಿದವರು ಕಡಿಮೆ. ಆದರೆ 2025ರ ಅಕ್ಟೋಬರ್‌ನಲ್ಲಿ ಹಾಲಾಂಗ್ ಚಂಡಮಾರುತದ ಉಳಿಕೆ ಇದೇ ಕರಾವಳಿಗೆ ಬಡಿಯಿತು. ಕಿಪ್‌ನುಕ್, ಕ್ವಿಗಿಲಿಂಗಾಕ್‌ನಲ್ಲಿ ಮನೆಗಳು ಬುಡಸಮೇತ ಎದ್ದು ನೀರಿನಲ್ಲಿ ತೇಲಿದವು. ಸಾವಿರಕ್ಕೂ ಹೆಚ್ಚು ಜನ ಊರು ಬಿಡಬೇಕಾಯಿತು. ಆ ರಾತ್ರಿ ಡೀಸೆಲ್ಲೋ ಗಾಳಿಯೋ ಎಂಬ ಚರ್ಚೆಗೇ ಅರ್ಥ ಇರಲಿಲ್ಲ. ಅಂಥ ತಗ್ಗು ನೆಲದಲ್ಲಿ ಮೊದಲ ತೀರ್ಮಾನ ಊರು ಎಲ್ಲಿರಬೇಕು ಎಂಬುದೇ.

ಭೂಶಾಖ

ಜ್ವಾಲಾಮುಖಿ ಇರುವ ಕಡೆ ನೆಲದ ಬಿಸಿಯಿಂದಲೇ ಕರೆಂಟ್ ತೆಗೆಯಬಾರದೇಕೆ? ತೆಗೆಯಬಹುದು. ಫೇರ್‌ಬ್ಯಾಂಕ್ಸ್‌ನಿಂದ ನೂರು ಕಿಲೋಮೀಟರ್ ದೂರದ ಚೀನಾ ಬಿಸಿನೀರ ಬುಗ್ಗೆಯಲ್ಲಿ 2006ರಿಂದ ಸಣ್ಣ ಕೇಂದ್ರ ನಡೆಯುತ್ತಿದೆ. (ಇದು ದೇಶದ ಹೆಸರಲ್ಲ, ಅಲ್ಲಿನ ನದಿಯ ಹೆಸರು.) ನೀರು ಬರೀ 74 ಡಿಗ್ರಿ. ಕುದಿಯುವುದೂ ಇಲ್ಲ. ಬೇಗ ಆವಿಯಾಗುವ ಬೇರೊಂದು ದ್ರವವನ್ನು ಅದರಿಂದ ಬಿಸಿ ಮಾಡಿ ಟರ್ಬೈನ್ ತಿರುಗಿಸುತ್ತಾರೆ. ಹೊರಗೆ ಎಷ್ಟು ಚಳಿಯೋ ಅಷ್ಟು ಒಳ್ಳೆಯದು, ಬಿಸಿ-ತಂಪಿನ ಅಂತರ ಹೆಚ್ಚುತ್ತದೆ.

ದೊಡ್ಡ ಮಟ್ಟದಲ್ಲಿ ಮಾಡಿದ ಉದಾಹರಣೆಗೆ ಐಸ್‌ಲ್ಯಾಂಡ್‌ಗೆ ಹೋಗಬೇಕು. 2023ರ ಕೊನೆಯಲ್ಲಿ ಗ್ರಿಂಡಾವಿಕ್ ಬಳಿ ನೆಲ ಬಾಯಿಬಿಟ್ಟಾಗ ಸ್ವಾರ್ಟ್ಸೆಂಗಿ ಭೂಶಾಖ ಕೇಂದ್ರದ ಸುತ್ತ ಮಣ್ಣಿನ ಎತ್ತರದ ಒಡ್ಡು ಕಟ್ಟಿದರು. ಕೇಂದ್ರ ಉಳಿಯಿತು. ಆದರೆ 2024ರ ಫೆಬ್ರುವರಿ 8ರಂದು ಲಾವಾ ಹರಿದು ಅದರಿಂದ ಹೊರಡುವ ಬಿಸಿನೀರ ಪೈಪನ್ನು ಕತ್ತರಿಸಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮನೆ ಚಳಿಗಾಲದ ನಡುವೆ ತಣ್ಣಗಾಯಿತು. ಜೂನೋದಲ್ಲಿ ತಂತಿ, ಇಲ್ಲಿ ಪೈಪು. ಎರಡೂ ಕಡೆ ಕೆಟ್ಟದ್ದು ದಾರಿ. ಸ್ಪರ್ ಪರ್ವತದ ಮೈಯಲ್ಲಿ ಭೂಶಾಖ ಹುಡುಕಲು ಅಲಾಸ್ಕಾ ಗುತ್ತಿಗೆ ಕೊಟ್ಟಿದೆ. ಅಲ್ಲಿ ಬಾವಿ ಕೊರೆಯುವವರು ಬಾವಿಗಿಂತ ಮೊದಲು ಲೈನ್ ಎಲ್ಲಿ ಹಾಯುತ್ತದೆ ಎಂದು ಯೋಚಿಸಲಿ.

ಸೌರ

ಬೇಗ ಮುಗಿಸುತ್ತೇನೆ. ಜೂನ್‌ನಲ್ಲಿ ಫೇರ್‌ಬ್ಯಾಂಕ್ಸ್‌ಗೆ ಇಪ್ಪತ್ತೊಂದು ಗಂಟೆಗೂ ಹೆಚ್ಚು ಬಿಸಿಲು, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೂ ಇಲ್ಲ. ಬೇಸಿಗೆಯಲ್ಲಿ ಡೀಸೆಲ್ ಉಳಿಸಲು ಚೆನ್ನ. ಹಿಮದ ಹೊಳಪಿನಿಂದ ಮಾರ್ಚ್, ಏಪ್ರಿಲ್‌ನಲ್ಲೂ ಒಳ್ಳೆಯ ಫಲ ಕೊಡುತ್ತದೆ. ಚಳಿಗಾಲದ ಆಪತ್ತಿಗೆ ಲೆಕ್ಕಕ್ಕಿಲ್ಲ.

ಹಾಗಾದರೆ ಯಾವ ಊರಿಗೆ ಯಾವುದು?

ಜೂನೋ, ಕಾರ್ಡೋವಾದಂಥ ಮಳೆ ಸುರಿಯುವ ಕರಾವಳಿ ಊರುಗಳಿಗೆ ಜಲವಿದ್ಯುತ್ತೇ ಸರಿ. ದೊಡ್ಡ ಅಣೆಕಟ್ಟು ಬೇಡ, ಕೆರೆಯ ನೀರು, ಸುರಂಗ ಸಾಕು. ಊರೊಳಗೆ ಇಡೀ ಊರಿಗೆ ಸಾಲುವಷ್ಟು ಡೀಸೆಲ್ ಯಂತ್ರ ಇರಲೇಬೇಕು. ಕಾರ್ಡೋವಾ ತನ್ನ ವಿತರಣೆಯ ತಂತಿಗಳನ್ನೆಲ್ಲ ನೆಲದಡಿ ಹಾಕಿದೆ. ಮೊದಲ ಖರ್ಚು ಜಾಸ್ತಿ. ಆದರೆ ಆಮೇಲೆ ಗಾಳಿ, ಹಿಮ, ಬೀಳುವ ಮರ ಯಾವುದರ ಭಯವೂ ಇಲ್ಲ.

ಗಾಳಿ ಬೀಸುವ ದ್ವೀಪಗಳು ಕೋಡಿಯಾಕ್ ನೋಡಿ ಕಲಿಯಲಿ. ನೀರು ಇಲ್ಲದ ಕಡೆ ಗಾಳಿ, ಬ್ಯಾಟರಿ, ಡೀಸೆಲ್ ಮೂರೂ ಒಟ್ಟಿಗೆ. ಬೇರಿಂಗ್ ತೀರದ ಹಳ್ಳಿಗಳಿಗೆ ಡೀಸೆಲ್ ಬಿಡಿ ಎಂದು ಹೇಳುವುದು ಅನ್ಯಾಯ. ಗಾಳಿ ಸೇರಿಸಿ ಎಣ್ಣೆಯ ಬಳಕೆ ಇಳಿಸಿದರೆ ತುಂಬಿದ ಟ್ಯಾಂಕ್ ಹೆಚ್ಚು ದಿನ ಬರುತ್ತದೆ. ಒಂದು ಬಾರ್ಜ್ ತಪ್ಪಿದರೂ ವಸಂತದವರೆಗೆ ತಡೆಯಬಹುದು. ಟ್ಯಾಂಕ್‌ಗಳನ್ನು ಎತ್ತರದ ಜಾಗಕ್ಕೆ ಸಾಗಿಸುವುದಕ್ಕೆ ಹಣ ಇದ್ದರೆ ಅದನ್ನೇ ಮೊದಲು ಮಾಡಬೇಕು.

ಫೇರ್‌ಬ್ಯಾಂಕ್ಸ್‌ನಂಥ ಕಡು ಚಳಿಯ ಒಳನಾಡಿಗೆ ಸ್ಥಳೀಯವಾಗಿ ಕೂಡಿಡುವ ಇಂಧನ, ಜೊತೆಗೆ ಬ್ಯಾಟರಿ. ಅಲ್ಲಿ 2003ರಲ್ಲೇ ಒಂದು ಭಾರೀ ಬ್ಯಾಟರಿ ಹಾಕಿದ್ದರು. ದಕ್ಷಿಣದಿಂದ ಬರುವ ಲೈನ್ ತಟ್ಟನೆ ಕಡಿದರೆ ಅದು 27 ಮೆಗಾವಾಟನ್ನು ಕಾಲು ಗಂಟೆ ಕೊಡುವಂತಿತ್ತು. ಕಾಲು ಗಂಟೆ ಕಡಿಮೆ ಅನ್ನಿಸಬಹುದು. ಊರಿನ ಜನರೇಟರ್‌ಗಳನ್ನು ಚಾಲೂ ಮಾಡಲು ಅಷ್ಟು ಸಾಕು.

ಆಂಕರೇಜ್ ಕಡೆಯವರಿಗೆ ಹೊಸ ಕೇಂದ್ರಕ್ಕಿಂತ ಮೊದಲು ಎರಡನೇ ಲೈನ್ ಬೇಕು ಅನ್ನುವುದು ನನ್ನ ನಂಬಿಕೆ. ಕೀನೈನಿಂದ ಕಡಲಡಿಯಲ್ಲಿ ಕೇಬಲ್ ಹಾಕಿ ಕುಕ್ ಇನ್ಲೆಟ್‌ನ ಆಚೆ ದಡದ ಬೆಲುಗಾಕ್ಕೆ ಸೇರಿಸುವ ಯೋಜನೆಗೆ 2023ರಲ್ಲಿ ಅಮೆರಿಕದ ಇಂಧನ ಇಲಾಖೆ 20 ಕೋಟಿ ಡಾಲರ್‌ಗೂ ಹೆಚ್ಚು ಕೊಡಲು ಒಪ್ಪಿತು. ರಾಜ್ಯವೂ ತನ್ನ ಪಾಲು ಹಾಕಬೇಕು. ದುಬಾರಿ ಅನ್ನುವವರು 2019ರಲ್ಲಿ ಬ್ರಾಡ್ಲಿಯ ಅಗ್ಗದ ಕರೆಂಟ್ ಕೀನೈಯಲ್ಲೇ ಸಿಕ್ಕಿಬಿದ್ದ ಆ ತಿಂಗಳುಗಳಲ್ಲಿ ಉತ್ತರದವರು ಕಟ್ಟಿದ ಹೆಚ್ಚುವರಿ ಬಿಲ್ಲನ್ನೂ ಪಕ್ಕದಲ್ಲಿಟ್ಟು ಲೆಕ್ಕ ಹಾಕಲಿ.